ಹಬ್ಬಕ್ಕೆ ಊರಿಗೆ ಕಾರು ಓಡಿಸುವಾಗ ಈ ಫೋನ್ ಕಾಟ ತಪ್ಪಿಸೋದು ಹೇಗೆ?

ವಿಜಯನಗರದವನು:
ದೀಪಾವಳಿಗೆ ಹಾಸನಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅತ್ತೆ. ಹೋದ ವರ್ಷ ನೆಲಮಂಗಲ ದಾಟುವಷ್ಟರಲ್ಲಿ ಅಮ್ಮನಿಂದ ನಾಲ್ಕು ಫೋನ್ ಬಂದಿತ್ತು, "ಎಲ್ಲಿದ್ದೀರೋ, ತಿಂಡಿಗೆ ಕಾಯಲಾ?" ಅಂತ. ಆಮೇಲೆ ತಮ್ಮ, ಸೇವಂತಿಗೆ ಹೂವು ತಗೊಂಡ್ರಾ ಅಂತ. ಕುಣಿಗಲ್ ಹತ್ತಿರ ಮನೆಯವರ ಗ್ರೂಪಿನಲ್ಲಿ ಯಾರೋ ರಂಗೋಲಿ ಫೋಟೋ ಹಾಕಿದರು, ಫೋನ್ ಟಣ್ ಅಂತು, ಕಣ್ಣು ಕೆಳಗೆ ಹೋಯಿತು. ತಲೆ ಎತ್ತಿದರೆ ಲಾರಿಯ ಹಿಂಭಾಗ ಮುಖದ ಮುಂದೆ! ಯಾರಿಗೂ ಏನೂ ಆಗಲಿಲ್ಲ, ಅತ್ತೆಯ ಮಡಿಲಲ್ಲಿದ್ದ ಕಜ್ಜಾಯದ ಡಬ್ಬಿ ಮಾತ್ರ ಕಾರಿನ ತುಂಬಾ ಚೆಲ್ಲಿತು. ಫೋನ್ ಆಫ್ ಮಾಡಿದರೆ ಅಮ್ಮ ಗಾಬರಿಯಾಗುತ್ತಾರೆ. ನೀವೆಲ್ಲ ಏನು ಮಾಡುತ್ತೀರಿ?

ಫಿಲ್ಟರ್ ಕಾಫಿ:
ಹೊರಡುವ ಮುಂಚೆ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಿಬಿಡಿ, 8 ಗಂಟೆ ಅನ್ನೋದನ್ನು ಆರಿಸಿ. ನಮ್ಮಮ್ಮ ಈಗ "ಎಲ್ಲಿದ್ದೀಯ" ಅಂತ ಕೇಳುವುದಿಲ್ಲ. ಅದರ ಬದಲು "ಬೆಳ್ಳೂರು ಕ್ರಾಸ್‌ನಲ್ಲಿ ಅರ್ಧ ಗಂಟೆಯಿಂದ ಏನೋ ಮಾಡ್ತಿದ್ದೀಯ" ಅಂತ ಕೇಳುತ್ತಾರೆ, ಅದು ಬೇರೆ ಕಥೆ. ಫೋನಿನಲ್ಲಿ ಡ್ರೈವಿಂಗ್ ಮೋಡ್ ಹಾಕಿದರೆ ಈ ಟಣ್ ಟಣ್ಣೂ ನಿಲ್ಲುತ್ತದೆ. ಫಾಸ್ಟ್ಯಾಗ್ ರೀಚಾರ್ಜ್ ಹಿಂದಿನ ರಾತ್ರಿಯೇ ಮುಗಿಸಿ. ಟೋಲ್ ಸಾಲಿನಲ್ಲಿ ಒಂದು ಕೈಲಿ ಸ್ಟೀರಿಂಗ್, ಇನ್ನೊಂದು ಕೈಲಿ ಓಟಿಪಿ ಒತ್ತುವವರನ್ನು ಬೇಕಾದಷ್ಟು ನೋಡಿದ್ದೇನೆ.

ಆರಾಮ್ ರೈಡರ್:
ಇಷ್ಟೆಲ್ಲ ಯಾಕೆ? ಬ್ಲೂಟೂತ್ ಇದೆ ಅಲ್ವಾ. ಮಾತಾಡಿಕೊಂಡು ಹೋದರೆ ನಿದ್ದೆಯೂ ಬರಲ್ಲ.

ಟ್ಯಾಕ್ಸಿ ಅಣ್ಣ:
ಇಲ್ಲ ಸರ್, ಬ್ಲೂಟೂತ್‌ನಲ್ಲಿ ಕೈ ಖಾಲಿ ಇರುತ್ತದೆ, ತಲೆ ಖಾಲಿ ಇರುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ, ಬಸ್ ಅಡ್ಡ ಬಂದರೆ ಅವರೇ ಮಾತು ನಿಲ್ಲಿಸುತ್ತಾರೆ. ಫೋನಿನಲ್ಲಿರುವ ನಿಮ್ಮ ಭಾವನಿಗೆ ಏನು ಗೊತ್ತು, ಅವರು ಪಟಾಕಿ ರೇಟು ಹೇಳುತ್ತಲೇ ಇರುತ್ತಾರೆ. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡು ಮೆಸೇಜ್ ಓದಿದಿರಿ ಅಂದರೆ 66 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ಹಬ್ಬದ ಹೊತ್ತಿಗೆ ಹಾಸನಾಂಬ ದರ್ಶನಕ್ಕೆ ಹೋಗುವ ಗಾಡಿಗಳೂ ಅದೇ ರಸ್ತೆಯಲ್ಲಿ, ಅಷ್ಟು ಜಾಗ ಎಲ್ಲಿದೆ?

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184ರಲ್ಲಿ ಫೋನ್ ಕೈಲಿ ಹಿಡಿದು ಓಡಿಸುವುದು ಅಪಾಯಕಾರಿ ಚಾಲನೆ. ದಾರಿ ನೋಡಲು ಮಾತ್ರ ಫೋನ್ ಬಳಸಬಹುದು ಅಂತ 2020ರಲ್ಲಿ ನಿಯಮ ಬಂತು, ಅದೂ ಗಮನ ತಪ್ಪದ ಹಾಗೆ. ಮ್ಯಾಪನ್ನು ಮನೆ ಮುಂದೆಯೇ ಹಾಕಿ, ಸ್ಟ್ಯಾಂಡಿನಲ್ಲಿಟ್ಟು ಹೊರಡಿ. ಮಾತಾಡಲೇಬೇಕು ಅಂದರೆ ಯಾವುದಾದರೂ ಹೋಟೆಲಿನ ಪಾರ್ಕಿಂಗ್ ಒಳಗೆ ನಿಲ್ಲಿಸಿ, ಹೈವೇ ಅಂಚಿನಲ್ಲಿ ಬೇಡ. ಹಿಂದಿನಿಂದ ಬರುವವನೂ ಫೋನ್ ನೋಡುತ್ತಿರಬಹುದು.

ಮಲ್ಲೇಶ್ವರದ ಅಕ್ಕ:
ಫೋನ್ ಒಂದನ್ನೇ ಬೈಯಬೇಡಿ. ಆಯುಧಪೂಜೆಗೆ ನಮ್ಮ ಮನೆಯವರು ಕಾರಿಗೆ ಬಾಳೆಕಂಬ ಕಟ್ಟಿ, ಗಾಜಿನ ಮೇಲೆ ಅಡ್ಡಡ್ಡ ಹಾರ ಹಾಕಿ, ಹಾಗೇ ಒಂದು ರೌಂಡ್ ಹೊರಟರು. ಸಂಪಿಗೆ ರಸ್ತೆ ಸಿಗ್ನಲ್‌ನಲ್ಲಿ ಹಾರ ಸರಿಮಾಡಲು ಕೈ ಹೊರಗೆ ಹಾಕಿದರು, ಪಕ್ಕದಲ್ಲಿ ಬಂದ ಸ್ಕೂಟರಿನವನಿಗೆ ತಾಗಿಯೇಬಿಟ್ಟಿತ್ತು! ಜೊತೆಗೆ ರಸ್ತೆ ತುಂಬಾ ಒಡೆದ ಬೂದುಗುಂಬಳ, ಬೈಕಿನವರು ಜಾರುತ್ತಾರೆ. ಪೂಜೆ ಆದ ಮೇಲೆ ಹಾರವನ್ನು ಗಾಜಿನಿಂದ ಕೆಳಗಿಳಿಸಿ. ಮಕ್ಕಳಿಗೆ ತಿಂಡಿ ಚೀಲ ಹಿಂದಿನ ಸೀಟಿನಲ್ಲೇ ಇರಲಿ. ಅತ್ತೆಯವರಿಗೂ ಹೇಳಿಬಿಡಿ, ಓಡಿಸುವ ಅಳಿಯನ ಬಾಯಿಗೆ ಚಕ್ಕುಲಿ ಇಡೋದು ಬೇಡ ಅಂತ.

ವಿಜಯನಗರದವನು:
ಅಕ್ಕಾ, ಚಕ್ಕುಲಿ ವಿಷಯ ನಿಮಗೆ ಹೇಗೆ ಗೊತ್ತಾಯಿತು! ಎಲ್ಲರಿಗೂ ಥ್ಯಾಂಕ್ಸ್. ಫೋನ್ ಹೆಂಡತಿಯ ಕೈಗೆ, ಲೈವ್ ಲೊಕೇಶನ್ ಅಮ್ಮನಿಗೆ. ಬೆಳಗ್ಗೆ ನಾಲ್ಕೂವರೆಗೆ ಹೊರಡುತ್ತೇವೆ. ಆರಕ್ಕೆ ಕುಣಿಗಲ್ ಆಸುಪಾಸಿನಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಅದೊಂದು ಹೇಳಿ.