ಬೈಪೋಲಾರ್ ಚಿಕಿತ್ಸೆ: ಖರ್ಚು ಎಲ್ಲಿ ಇಳಿಸಬಹುದು, ಎಲ್ಲಿ ಕೈ ಹಾಕಬಾರದು (ಪ್ರಶ್ನೋತ್ತರ)

ನಿರ್ವಾಹಕರು: ಈ ವಾರ ಬೈಪೋಲಾರ್ (ಮನಸ್ಸು ಕೆಲಕಾಲ ಅತಿಯಾಗಿ ಮೇಲೇರಿ, ಕೆಲಕಾಲ ಕುಗ್ಗುವ ಕಾಯಿಲೆ) ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದುಡ್ಡಿನ ಸುತ್ತಲೇ ಇವೆ. ಉತ್ತರಿಸುತ್ತಿರುವವರು ಒಬ್ಬ ಮನೋವೈದ್ಯೆ, ಒಬ್ಬ ಫಾರ್ಮಸಿಸ್ಟ್, ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್. ಹೆಸರು, ಫೋನ್ ನಂಬರು ಹಾಕಬೇಡಿ. ಇಲ್ಲಿ ಬರುವ ಡೋಸ್ ಲೆಕ್ಕ ತಿಳಿವಳಿಕೆಗೆ ಮಾತ್ರ, ನೋಡಿಕೊಂಡು ಮಾತ್ರೆ ಬದಲಿಸಬೇಡಿ.

ಪ್ರಶ್ನೆ: ಒಂದು ಸಲ ಮನೋವೈದ್ಯರನ್ನು ಕಾಣುವಷ್ಟು ಹಣವಿದೆ, ತಿಂಗಳು ತಿಂಗಳು ಹೋಗಲು ಆಗುವುದಿಲ್ಲ. ಒಂದೇ ಸಲ ಹೋಗಿ ಪ್ರಯೋಜನವಿದೆಯೇ?

ಮನೋವೈದ್ಯೆ: ಇದೆ. ಇರುವ ಹಣವನ್ನು ಮೊದಲ ಭೇಟಿಗೇ ಹಾಕಿ. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ದುಬಾರಿ ಬೀಳುವುದು ತಪ್ಪು ರೋಗನಿರ್ಣಯ. ಜನ ನಮ್ಮ ಬಳಿ ಬರುವುದು ಕುಗ್ಗಿದಾಗ. ಮೇಲೇರಿದ ದಿನಗಳು ಅವರಿಗೆ ಕಾಯಿಲೆಯಾಗಿ ನೆನಪಿರುವುದಿಲ್ಲ, ‘ಆಗ ಚೆನ್ನಾಗಿದ್ದೆ’ ಅಂತ ನೆನಪಿರುತ್ತದೆ. ವೈದ್ಯರೂ ಕೇಳದೆ ಬಿಟ್ಟರೆ ಬರೀ ಖಿನ್ನತೆ ಎಂದು ಬರೆದು ಅದರ ಮಾತ್ರೆಯೊಂದನ್ನೇ ಕೊಡುತ್ತಾರೆ. ಜೊತೆಗೆ ಮೂಡ್ ಸ್ಟೆಬಿಲೈಸರ್ (ಮೂಡಿನ ಏರಿಳಿತ ತಡೆಯುವ ಮಾತ್ರೆ) ಇಲ್ಲದಿದ್ದರೆ ಆ ಮಾತ್ರೆ ಕೆಲವರನ್ನು ನೇರ ಮೇನಿಯಾಕ್ಕೆ, ಅಂದರೆ ಅತಿಯಾಗಿ ಮೇಲೇರಿದ ಸ್ಥಿತಿಗೆ, ತಳ್ಳುತ್ತದೆ. ಆಮೇಲೆ ಆಸ್ಪತ್ರೆವಾಸ, ಕೆಲಸ ಹೋಗುವುದು, ಸಾಲ. ಹತ್ತು ಭೇಟಿಯ ಫೀಸು ಅದರ ಮುಂದೆ ಏನೂ ಅಲ್ಲ.

ಆ ಒಂದು ಭೇಟಿಗೆ ಒಂದು ಹಾಳೆ ಬರೆದುಕೊಂಡು ಹೋಗಿ. ಯಾವ ವಯಸ್ಸಿನಲ್ಲಿ ಕುಗ್ಗಿದ್ದು, ಎಷ್ಟು ವಾರ ಇತ್ತು. ಯಾವಾಗ ನಿದ್ದೆ ಮೂರು ನಾಲ್ಕು ಗಂಟೆಗೆ ಇಳಿದರೂ ಸುಸ್ತಾಗಲಿಲ್ಲ, ಮಾತು ಓಡಿತು, ದುಡ್ಡು ನೀರಿನಂತೆ ಖರ್ಚಾಯಿತು, ಅದು ಎಷ್ಟು ದಿನ ನಡೆಯಿತು. ದಿನಗಳ ಲೆಕ್ಕ ಮುಖ್ಯ, ಏಕೆಂದರೆ ಹೈಪೊಮೇನಿಯಾ (ಮೇನಿಯಾದ ಸೌಮ್ಯ ರೂಪ) ಎನ್ನಲು ಕನಿಷ್ಠ 4 ದಿನ, ಮೇನಿಯಾ ಎನ್ನಲು 7 ದಿನ ಬೇಕು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿದ್ದರೆ ದಿನ ಎಣಿಸುವುದಿಲ್ಲ. ಈವರೆಗೆ ತಿಂದ ಪ್ರತಿ ಮಾತ್ರೆಯ ಹೆಸರು, ಡೋಸು, ಎಷ್ಟು ವಾರ, ಏನಾಯಿತು. ಮನೆತನದಲ್ಲಿ ಯಾರಿಗಿತ್ತು. ಥೈರಾಯ್ಡ್ ತೊಂದರೆ, ಸ್ಟೀರಾಯ್ಡ್ ಮಾತ್ರೆ, ಕುಡಿತ ಇದ್ದರೆ ಮುಚ್ಚಿಡಬೇಡಿ. ನೀವು ಮೇಲೇರಿದ್ದನ್ನು ಕಣ್ಣಾರೆ ಕಂಡ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರ ಹತ್ತು ನಿಮಿಷದ ಮಾತು ಎಷ್ಟೋ ಸಲ ನಿಮ್ಮ ಒಂದು ಗಂಟೆಯ ಮಾತಿಗಿಂತ ಹೆಚ್ಚು ಹೇಳುತ್ತದೆ.

ಹೊರಡುವ ಮುನ್ನ ಒಂದು ಪತ್ರ ಕೇಳಿ ಪಡೆಯಿರಿ. ರೋಗನಿರ್ಣಯ, ಮಾತ್ರೆ, ಅದನ್ನು ಏರಿಸುವ ಕ್ರಮ, ಯಾವ ರಕ್ತಪರೀಕ್ಷೆ ಯಾವಾಗ, ಯಾವ ಲಕ್ಷಣ ಕಂಡರೆ ಮನೋವೈದ್ಯರ ಬಳಿಗೇ ಬರಬೇಕು ಎಂದು ಸಾಮಾನ್ಯ ವೈದ್ಯರನ್ನು ಉದ್ದೇಶಿಸಿ ಬರೆದ ಪತ್ರ. ಅದು ಕೈಯಲ್ಲಿದ್ದರೆ ಸ್ಥಿರವಾಗಿರುವಾಗಿನ ಭೇಟಿಗಳನ್ನು ಮನೆಯ ವೈದ್ಯರ ಬಳಿ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ನಡೆಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಎಂಎಚ್‌ಗ್ಯಾಪ್ ಕೈಪಿಡಿ ಬರೆದಿರುವುದೇ ಮನೋವೈದ್ಯರಲ್ಲದ ವೈದ್ಯರಿಗಾಗಿ, ಬೈಪೋಲಾರ್ ಅದರಲ್ಲಿದೆ. ‘ನಮಗೆ ಗೊತ್ತಿಲ್ಲ’ ಅನ್ನುವ ವೈದ್ಯರಿಗೆ ಅದನ್ನು ನೆನಪಿಸಿದರೆ ತಪ್ಪಿಲ್ಲ.

ಮರುಪ್ರಶ್ನೆ: ಮೆಡಿಕಲ್ ಕಾಲೇಜು ಆಸ್ಪತ್ರೆ ಹೇಗೆ? ಅಲ್ಲಿ ಕಲಿಯುವವರು ನೋಡುತ್ತಾರಂತೆ.

ಮನೋವೈದ್ಯೆ: ಕಲಿಯುವವರು ನೋಡಿ ಹಿರಿಯರಿಗೆ ಒಪ್ಪಿಸುತ್ತಾರೆ, ಅದರಿಂದ ಲಾಭವೇ ಹೆಚ್ಚು. ಅಷ್ಟು ಹೊತ್ತು ಕೂತು ಕಥೆ ಕೇಳುವ ಪುರುಸೊತ್ತು ಬೇರೆಡೆ ಕಡಿಮೆ. ತೊಂದರೆ ಎರಡು. ಅರ್ಧ ದಿನ ಸರದಿಯಲ್ಲಿ ಕಾಯಬೇಕು, ಮತ್ತು ಕೆಲವು ತಿಂಗಳಿಗೊಮ್ಮೆ ವೈದ್ಯರು ಬದಲಾಗುತ್ತಾರೆ. ಹೊಸಬರು ಬಂದಾಗ ಮಾತ್ರೆ ಬದಲಿಸುವ ಉಮೇದು ಇರುತ್ತದೆ. ಹಳೆಯ ಚೀಟಿ, ರಕ್ತದ ವರದಿ, ‘ಈ ಮಾತ್ರೆ ಈ ಕಾರಣಕ್ಕೆ ಬಿಟ್ಟದ್ದು’ ಎಂಬ ಟಿಪ್ಪಣಿ ಎಲ್ಲ ಒಂದೇ ಫೈಲಿನಲ್ಲಿರಲಿ. ಫೈಲು ನಿಮ್ಮ ಕೈಯಲ್ಲೇ ಇರಲಿ.

ಖಾಸಗಿಯಾಗಿ ಹೋಗುವುದಾದರೆ ಫೋನಿನಲ್ಲೇ ಕೇಳಿ: ‘ಆದಾಯ ನೋಡಿ ಫೀಸು ಇಳಿಸುತ್ತೀರಾ? ಮರುಭೇಟಿಗೆ ಎಷ್ಟು? ವೀಡಿಯೊ ಭೇಟಿ ಆಗುತ್ತದಾ?’ ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ.

ಪ್ರಶ್ನೆ: ಹೊಸ ಮಾತ್ರೆ ಬಹಳ ದುಬಾರಿ. ಹಳೆಯ ಲಿಥಿಯಂ ಅಗ್ಗ. ಅಗ್ಗದ್ದು ಅಂದರೆ ಕಳಪೆಯೇ?

ಫಾರ್ಮಸಿಸ್ಟ್: ಲಿಥಿಯಂ ಅಗ್ಗ ಇರುವುದು ಅದು ಭೂಮಿಯಲ್ಲಿ ಸಿಗುವ ಮೂಲವಸ್ತು ಆಗಿರುವುದರಿಂದ. ಲಿಥಿಯಂ ಎಂಬ ಧಾತುವಿಗೆ ಯಾರೂ ಪೇಟೆಂಟ್ ಹಿಡಿಯಲಾರರು. ಆಸ್ಟ್ರೇಲಿಯಾದ ಜಾನ್ ಕೇಡ್ ಮೇನಿಯಾಕ್ಕೆ ಅದು ಕೆಲಸ ಮಾಡುತ್ತದೆ ಎಂದು ಪ್ರಕಟಿಸಿದ್ದು 1949ರಲ್ಲಿ. ಲಾಭ ಇಲ್ಲದ ಕಡೆ ಜಾಹೀರಾತೂ ಇಲ್ಲ, ಅಷ್ಟೆ. ಮೂಡ್ ಸ್ಟೆಬಿಲೈಸರ್ ಆಗಿ ಕೊಡುವ ಲಿಥಿಯಂ, ವಾಲ್ಪ್ರೊಯೇಟ್, ಕಾರ್ಬಮಜೆಪೈನ್ ಮೂರೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಇದೇ ಕಾಯಿಲೆಗೆ ಕೊಡುವ ಕ್ವಟಿಯಾಪಿನ್, ಒಲಾಂಜಪಿನ್, ಲ್ಯಾಮೊಟ್ರಿಜಿನ್ ಕೂಡ ಈಗ ಜೆನೆರಿಕ್ (ದೊಡ್ಡ ಬ್ರ್ಯಾಂಡಿನ ಹೆಸರಿಲ್ಲದ ಅದೇ ಔಷಧ) ಆಗಿ ಸಿಗುತ್ತವೆ.

ಮನೋವೈದ್ಯೆ: ಮೇಲಿನದಕ್ಕೆ ಸೇರಿಸುವೆ. ಮರುಕಳಿಕೆ ತಡೆಯುವುದರಲ್ಲಿ, ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಲಿಥಿಯಂಗಿರುವಷ್ಟು ಗಟ್ಟಿ ಆಧಾರ ಬೇರೆಯದಕ್ಕಿಲ್ಲ. ಆದರೆ ಅಗ್ಗವಾದದ್ದೆಲ್ಲ ಎಲ್ಲರಿಗೂ ಅಲ್ಲ. ವಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ: ಅಂಗವೈಕಲ್ಯ ನೂರರಲ್ಲಿ ಸುಮಾರು 10 ಮಕ್ಕಳಿಗೆ, ಬುದ್ಧಿಬೆಳವಣಿಗೆಯ ತೊಂದರೆ 30ರಿಂದ 40 ಮಕ್ಕಳಿಗೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ‘ಅಗ್ಗ’ ಅಂತ ಅದನ್ನು ಬರೆದಿದ್ದರೆ ಬೇರೆ ದಾರಿ ಇದೆಯೇ ಎಂದು ಕೇಳಿ. ಈಗಾಗಲೇ ಗರ್ಭಿಣಿಯಾಗಿದ್ದರೆ ತಾವಾಗಿ ನಿಲ್ಲಿಸದೆ ಅಂದೇ ವೈದ್ಯರನ್ನು ಕಾಣಿ. ಕಾರ್ಬಮಜೆಪೈನ್ ಗರ್ಭನಿರೋಧಕ ಮಾತ್ರೆಯ ಬಲವನ್ನೇ ಕುಗ್ಗಿಸುತ್ತದೆ, ಇದನ್ನು ಹೇಳಲು ಮರೆಯುವವರು ಬಹಳ.

ಪ್ರಶ್ನೆ: ಲಿಥಿಯಂ ಅಗ್ಗ, ಆದರೆ ಅದರ ರಕ್ತಪರೀಕ್ಷೆಯೇ ದುಬಾರಿ. ಆರಾಮಾಗಿದ್ದೇನೆ, ಬಿಟ್ಟರೆ ಆಗದೇ?

ಮನೋವೈದ್ಯೆ: ಇದೊಂದು ಬಿಡಬೇಡಿ. ಕೆಲಸ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ನಡುವೆ ಇರುವುದು ಬೆರಳೆಣಿಕೆಯ ಅಂತರ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಗುರಿ, ಮೇನಿಯಾ ಇರುವಾಗ 1.0ರವರೆಗೆ. 1.5 ದಾಟಿದರೆ ವಿಷದ ಲಕ್ಷಣ ಶುರುವಾಗಬಹುದು, 2.0 ದಾಟಿದರೆ ಜೀವಕ್ಕೇ ಅಪಾಯ. ಶುರು ಮಾಡಿದಾಗ ಮತ್ತು ಡೋಸು ಬದಲಾದಾಗ 5ರಿಂದ 7 ದಿನಕ್ಕೆ, ಮೊದಲ ವರ್ಷ 3 ತಿಂಗಳಿಗೊಮ್ಮೆ, ಆಮೇಲೆ ಸ್ಥಿರವಾಗಿದ್ದರೆ 6 ತಿಂಗಳಿಗೊಮ್ಮೆ. ಮೂತ್ರಪಿಂಡದ ಕೆಲಸ ನೋಡುವ ಕ್ರಿಯಾಟಿನಿನ್, ಥೈರಾಯ್ಡ್‌ನ ಟಿಎಸ್‌ಎಚ್, ಕ್ಯಾಲ್ಸಿಯಂ ಇವೂ ಆರು ತಿಂಗಳಿಗೊಮ್ಮೆ.

ಉಳಿತಾಯ ಮಾಡುವ ಜಾಗ ಬೇರೆ ಇದೆ. ನಾಲ್ಕನ್ನೂ ಒಂದೇ ಸಲದ ರಕ್ತದಲ್ಲಿ ಮಾಡಿಸಿ. ‘ಪೂರ್ತಿ ದೇಹ ತಪಾಸಣೆ’ ಪ್ಯಾಕೇಜು ತೆಗೆದುಕೊಳ್ಳಬೇಡಿ, ಎಷ್ಟೋ ಪ್ಯಾಕೇಜಿನಲ್ಲಿ ನಲವತ್ತು ಪರೀಕ್ಷೆ ಇದ್ದು ಲಿಥಿಯಂ ಮಟ್ಟವೇ ಇರುವುದಿಲ್ಲ.

ಫಾರ್ಮಸಿಸ್ಟ್: ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆ ಹಾಳಾಗುವುದು ಎರಡು ಕಡೆ. ಮೊದಲನೆಯದು ಸಮಯ. ಕೊನೆಯ ಮಾತ್ರೆ ನುಂಗಿ ಸರಿಯಾಗಿ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಿಗ್ಗೆಯೂ ಡೋಸು ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಿ. ನುಂಗಿ ಹೋದರೆ ಮಟ್ಟ ಸುಳ್ಳೇ ಹೆಚ್ಚು ತೋರಿಸುತ್ತದೆ, ಡೋಸು ಇಳಿಯುತ್ತದೆ, ಕಾಯಿಲೆ ಏಳುತ್ತದೆ. ಎರಡನೆಯದು ಟ್ಯೂಬು. ಹಸಿರು ಮುಚ್ಚಳದ ಕೆಲವು ಟ್ಯೂಬುಗಳೊಳಗೆ ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಸವರಿರುತ್ತಾರೆ. ಅದರಲ್ಲಿ ರಕ್ತ ತೆಗೆದರೆ ನಿಮ್ಮ ಲಿಥಿಯಂ ಜೊತೆ ಟ್ಯೂಬಿನ ಲಿಥಿಯಂ ಕೂಡ ಅಳತೆಗೆ ಬರುತ್ತದೆ! ಆರಾಮಾಗಿ ನಡೆದಾಡುತ್ತಿರುವವರ ವರದಿಯಲ್ಲಿ ಭಾರೀ ಅಂಕಿ ಬಂದರೆ ಟ್ಯೂಬಿನ ಮೇಲೂ ಅನುಮಾನ ಬರಬೇಕು. ಆದರೆ ಅನುಮಾನ ಅಂತ ಸುಮ್ಮನಿರಬೇಡಿ, ಅದೇ ದಿನ ವೈದ್ಯರಿಗೆ ತಿಳಿಸಿ ಬೇರೆ ಟ್ಯೂಬಿನಲ್ಲಿ ಮರುಪರೀಕ್ಷೆ ಮಾಡಿಸಿ.

ಇನ್ನು ಮಟ್ಟ ನಿಜವಾಗಿಯೇ ಏರಿಸುವವು: ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ರಕ್ತದೊತ್ತಡಕ್ಕೆ ಕೊಡುವ ರಾಮಿಪ್ರಿಲ್, ಎನಲಾಪ್ರಿಲ್, ಲೊಸಾರ್ಟಾನ್, ಥಯಜೈಡ್ ಜಾತಿಯ ನೀರಿನ ಮಾತ್ರೆ. ಜೊತೆಗೆ ವಾಂತಿ ಭೇದಿ, ಬಿಸಿಲಲ್ಲಿ ಬೆವರಿ ನೀರು ಕುಡಿಯದಿರುವುದು, ಉಪ್ಪನ್ನು ಒಮ್ಮೆಲೇ ಬಿಡುವುದು. ದೇಹಕ್ಕೆ ಸೋಡಿಯಂ ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ತಲೆನೋವಿಗೆ ಪ್ಯಾರಸಿಟಮಾಲ್ ಸಾಕು. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ ಭೇದಿ, ಮಂಪರು ಕಂಡರೆ ಮುಂದಿನ ಡೋಸು ನುಂಗದೆ ತುರ್ತು ವಿಭಾಗಕ್ಕೆ ಹೋಗಿ.

ಪ್ರಶ್ನೆ: ಮಾತ್ರೆ ಅರ್ಧ ಮಾಡಿ, ದಿನ ಬಿಟ್ಟು ದಿನ ತಿಂದು ಹೆಚ್ಚು ದಿನ ಬರುವಂತೆ ಮಾಡಿದರೆ?

ಫಾರ್ಮಸಿಸ್ಟ್: ಅರ್ಧ ಮಾಡುವುದು ಬೇರೆ, ಅರ್ಧ ಡೋಸು ತಿನ್ನುವುದು ಬೇರೆ. ಗೆರೆ ಇರುವ ಸಾದಾ ಮಾತ್ರೆಯಲ್ಲಿ ದುಪ್ಪಟ್ಟು ಮಿಲಿಗ್ರಾಂನದನ್ನು ಬರೆಸಿಕೊಂಡು ಎರಡಾಗಿ ಮುರಿದರೆ ಹಲವು ಸಲ ಬೆಲೆ ಇಳಿಯುತ್ತದೆ, ಡೋಸು ಅಷ್ಟೇ ಇರುತ್ತದೆ. ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದು ಬರೆದಿರುವ ನಿಧಾನ ಬಿಡುಗಡೆಯ ಮಾತ್ರೆಗೆ ಈ ಉಪಾಯ ಬೇಡ, ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಬರಬಹುದು. ಮೂರು ತಿಂಗಳ ಮಾತ್ರೆ ಒಟ್ಟಿಗೆ ಬರೆಸಿಕೊಂಡರೂ ಭೇಟಿಯ ಖರ್ಚು ಉಳಿಯುತ್ತದೆ. ಆದರೆ ಸಾಯುವ ಯೋಚನೆ ಬರುತ್ತಿರುವ ಕಾಲದಲ್ಲಿ ಅಷ್ಟು ಮಾತ್ರೆ ಮನೆಯಲ್ಲಿರಬಾರದು. ಆಗ ವಾರಕ್ಕಾಗುವಷ್ಟು ಮಾತ್ರ ತನ್ನಿ, ಇನ್ನೊಬ್ಬರ ವಶದಲ್ಲಿರಲಿ.

ಜೆನೆರಿಕ್‌ಗೆ ಬದಲಾಯಿಸಲು ಹೆದರಬೇಕಿಲ್ಲ. ಲಿಥಿಯಂ ಮಾತ್ರ ಕಂಪನಿ ಕಂಪನಿಗೆ ಹೀರಿಕೆಯಲ್ಲಿ ವ್ಯತ್ಯಾಸವಿರಬಹುದು, ಬದಲಾಯಿಸಿದ ಒಂದು ವಾರಕ್ಕೆ ಮಟ್ಟ ನೋಡಿಸಿ, ಆಮೇಲೆ ಅದೇ ಕಂಪನಿಗೆ ಅಂಟಿಕೊಳ್ಳಿ.

ಮನೋವೈದ್ಯೆ: ದಿನ ಬಿಟ್ಟು ದಿನ ತಿನ್ನುವುದರ ಅಪಾಯ ಲ್ಯಾಮೊಟ್ರಿಜಿನ್‌ನಲ್ಲಿ ಬೇರೆಯೇ ಥರ. ಅದನ್ನು ಎರಡು ವಾರ 25 ಮಿಲಿಗ್ರಾಂ, ಎರಡು ವಾರ 50, ಆಮೇಲೆ 100 ಎಂದು ಮೆಲ್ಲಗೆ ಏರಿಸುವುದು ಚರ್ಮದ ಭಯಂಕರ ಅಲರ್ಜಿ ತಪ್ಪಿಸಲು. ಜೊತೆಗೆ ವಾಲ್ಪ್ರೊಯೇಟ್ ಇದ್ದರೆ ಇದರ ಅರ್ಧ. ಐದು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡು ಮತ್ತೆ ಸೀದಾ ಹಳೆಯ ಪೂರ್ತಿ ಡೋಸು ನುಂಗಬಾರದು, ವೈದ್ಯರನ್ನು ಕೇಳಿ ಮೊದಲಿನಿಂದ ಏರಿಸಬೇಕು. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಮೇನಿಯಾ ಮರಳುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಾದರೆ ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳು ಹಿಡಿಸಿ ಇಳಿಸುತ್ತೇವೆ.

ಪ್ರಶ್ನೆ: ಮೆದುಳಿನ ಸ್ಕ್ಯಾನ್, ಜೀನ್ ಪರೀಕ್ಷೆ ಮಾಡಿಸಿದರೆ ಬೈಪೋಲಾರ್ ಖಚಿತವಾಗುತ್ತದಂತೆ.

ಮನೋವೈದ್ಯೆ: ಇಲ್ಲ. ಯಾವ ಸ್ಕ್ಯಾನಿನಲ್ಲೂ ಬೈಪೋಲಾರ್ ಕಾಣುವುದಿಲ್ಲ. ದೊಡ್ಡ ವಯಸ್ಸಿನಲ್ಲಿ ಮೊದಲ ಸಲ ಮೇನಿಯಾ ಬಂದರೆ, ಫಿಟ್ಸ್, ಕೈಕಾಲು ಬಲಹೀನತೆ ಇದ್ದರೆ ಬೇರೆ ಕಾಯಿಲೆ ಅಲ್ಲ ಎಂದು ಖಚಿತಪಡಿಸಿಕೊಳ್ಳಲು ಸ್ಕ್ಯಾನ್ ಬೇಕಾಗುತ್ತದೆ. ಜೀನ್ ಪರೀಕ್ಷೆಗಳಲ್ಲಿ ಅರ್ಥವಿರುವುದು ಒಂದು: ಏಷ್ಯಾ ಮೂಲದವರಿಗೆ ಕಾರ್ಬಮಜೆಪೈನ್ ಕೊಡುವ ಮುನ್ನ ನೋಡುವ ಎಚ್‌ಎಲ್‌ಎ-ಬಿ 1502. ಈ ಜೀನ್ ರೂಪ ಇದ್ದವರಿಗೆ ಆ ಮಾತ್ರೆಯಿಂದ ಚರ್ಮ ಸುಲಿಯುವ ತೀವ್ರ ಪ್ರತಿಕ್ರಿಯೆ ಬರುವ ಅಪಾಯ ಹೆಚ್ಚು.

ಪ್ರಶ್ನೆ: ಥೆರಪಿ ಒಂದು ಗಂಟೆಗೆ ಕೇಳುವ ದುಡ್ಡು ನೋಡಿದರೆ ತಲೆ ತಿರುಗುತ್ತದೆ. ಮಾತ್ರೆ ಮಾತ್ರ ಸಾಲದೇ?

ಸೈಕಾಲಜಿಸ್ಟ್: ಮಾತ್ರೆಯ ಜಾಗಕ್ಕೆ ಥೆರಪಿ ಬರುವುದಿಲ್ಲ, ಅದು ಮೊದಲೇ ಸ್ಪಷ್ಟವಿರಲಿ. ಆದರೆ ಒಬ್ಬೊಬ್ಬರೇ ಕೂರುವ ದುಬಾರಿ ಥೆರಪಿಯೇ ಬೇಕೆಂದಿಲ್ಲ. ಬೈಪೋಲಾರ್‌ಗೆ ಗುಂಪಿನಲ್ಲಿ ನಡೆಯುವ ತಿಳಿವಳಿಕೆ ತರಗತಿ ಚೆನ್ನಾಗಿ ಕೆಲಸ ಮಾಡುತ್ತದೆ. ಬಾರ್ಸಿಲೋನಾದಲ್ಲಿ ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಲಾ ಒಂದೂವರೆ ಗಂಟೆಯ 21 ತರಗತಿ ಇದ್ದವು. ಮಾತ್ರೆಯ ಜೊತೆ ಈ ತರಗತಿಗೂ ಬಂದವರಲ್ಲಿ ಮರುಕಳಿಕೆ ಕಡಿಮೆಯಾಯಿತು. ಆಸ್ಪತ್ರೆಯಲ್ಲಿ, ಮನಶ್ಶಾಸ್ತ್ರ ವಿಭಾಗದ ತರಬೇತಿ ಕ್ಲಿನಿಕ್‌ನಲ್ಲಿ ‘ಬೈಪೋಲಾರ್‌ಗೆ ಗುಂಪು ಇದೆಯೇ’ ಎಂದೇ ಕೇಳಿ. ಸಾಮಾನ್ಯ ಕೌನ್ಸೆಲಿಂಗ್‌ನಲ್ಲಿ ಬಾಲ್ಯದ ಗಾಯ ಕೆದಕುತ್ತ ಕೂತರೆ ನಿದ್ದೆಯ ವಿಷಯ ಹಿಂದೆ ಬೀಳುತ್ತದೆ.

ಮನೆಯಲ್ಲೇ ಪುಕ್ಕಟೆ ಆಗುವ ಕೆಲಸ ಇದು. ಐದು ಹೊತ್ತು ಬರೆದಿಡಿ: ಹಾಸಿಗೆ ಬಿಟ್ಟದ್ದು, ದಿನದ ಮೊದಲ ಮಾತು ಒಬ್ಬರೊಡನೆ ಆಡಿದ್ದು, ಕೆಲಸ ಶುರು ಮಾಡಿದ್ದು, ರಾತ್ರಿ ಉಂಡದ್ದು, ಮಲಗಿದ್ದು. ಈ ಐದೂ ದಿನ ದಿನ ಮುಕ್ಕಾಲು ಗಂಟೆಗಿಂತ ಹೆಚ್ಚು ಅತ್ತಿತ್ತ ಆಗದಂತೆ ಹಿಡಿಯಲು ನೋಡಿ, ರಜೆಯ ದಿನವೂ. ಪಕ್ಕದಲ್ಲಿ ನಿದ್ದೆಯ ಗಂಟೆ, ಮೂಡಿಗೆ ಮೈನಸ್ 5ರಿಂದ ಪ್ಲಸ್ 5ರವರೆಗೆ ಒಂದು ಅಂಕಿ, ಮಾತ್ರೆ ನುಂಗಿದ್ದಕ್ಕೆ ಒಂದು ಗೀಟು. ಎರಡು ರಾತ್ರಿ ನಿದ್ದೆ ಕುಸಿದು ಹಗಲು ದಣಿವಿಲ್ಲ ಅಂದರೆ ಮೂರನೇ ರಾತ್ರಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಈ ಹಾಳೆ ತೋರಿಸಿದರೆ ಹತ್ತು ನಿಮಿಷದ ಭೇಟಿಯೂ ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮೇನಿಯಾ ಬಂದಾಗ ಹೋಗುವ ದುಡ್ಡಿನ ಮುಂದೆ ಚಿಕಿತ್ಸೆಯ ಖರ್ಚು ಲೆಕ್ಕಕ್ಕೇ ಇಲ್ಲ. ಅದಕ್ಕೇನು ದಾರಿ?

ಸೈಕಾಲಜಿಸ್ಟ್: ಚೆನ್ನಾಗಿರುವಾಗಲೇ ಬೇಲಿ ಹಾಕಬೇಕು, ಮೇಲೇರಿದ ಮೇಲೆ ಬೇಲಿಯೇ ಅವಮಾನ ಅನ್ನಿಸುತ್ತದೆ. ಸಂಬಳ ಬೀಳುವ ಖಾತೆ ಬೇರೆ, ಕಾರ್ಡು ಇರುವ ಖಾತೆ ಬೇರೆ ಮಾಡಿ, ಎರಡನೆಯದಕ್ಕೆ ವಾರಕ್ಕೆ ಬೇಕಾದಷ್ಟೇ ಹಾಕಿ. ದಿನದ ಮಿತಿ ಇಳಿಸಿ. ಫೋನಿನಲ್ಲಿ ಉಳಿಸಿದ ಕಾರ್ಡ್ ನಂಬರು, ತಕ್ಷಣ ಸಾಲ ಕೊಡುವ ಆ್ಯಪ್ ತೆಗೆದುಹಾಕಿ. ಇಂತಿಷ್ಟಕ್ಕಿಂತ ಹೆಚ್ಚಿನದನ್ನು ಎರಡು ರಾತ್ರಿ ನಿದ್ದೆ ಮಾಡಿ ಕೊಳ್ಳುವುದು ಎಂದು ಒಬ್ಬರ ಮುಂದೆ ಒಪ್ಪಂದ ಮಾಡಿಕೊಳ್ಳಿ. ಯಾವ ಲಕ್ಷಣ ಕಂಡರೆ ಕಾರ್ಡನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ನಿಮ್ಮ ಕೈಬರಹದಲ್ಲೇ ಬರೆದಿಡಿ. ಬೇರೆಯವರ ಮಾತಿಗೆ ಸಿಟ್ಟು ಬರುವ ಹೊತ್ತಿನಲ್ಲಿ ಸ್ವಂತ ಅಕ್ಷರಕ್ಕೆ ಸ್ವಲ್ಪವಾದರೂ ಬೆಲೆ ಉಳಿದಿರುತ್ತದೆ.

ಪ್ರಶ್ನೆ: ಮಾತ್ರೆ ನಾಳೆಗೆ ಮುಗಿಯುತ್ತದೆ, ವೈದ್ಯರ ಸಮಯ ಸಿಕ್ಕಿರುವುದು ಎರಡು ವಾರದ ನಂತರ.

ಫಾರ್ಮಸಿಸ್ಟ್: ಹಳೆಯ ಚೀಟಿ, ಕೊನೆಯ ರಕ್ತದ ವರದಿ, ಖಾಲಿ ಸ್ಟ್ರಿಪ್ಪು ಮೂರನ್ನೂ ತೆಗೆದುಕೊಂಡು ಇವತ್ತೇ ಯಾವುದಾದರೂ ಸಾಮಾನ್ಯ ವೈದ್ಯರ ಬಳಿ ಹೋಗಿ, ಎರಡು ವಾರಕ್ಕೆ ಅದೇ ಮಾತ್ರೆ ಅದೇ ಡೋಸು ಬರೆಸಿಕೊಳ್ಳಿ. ಮನೋವೈದ್ಯರ ಕ್ಲಿನಿಕ್ಕಿಗೂ ಫೋನ್ ಮಾಡಿ. ‘ಭೇಟಿ ಬೇಗ ಬೇಕು’ ಅನ್ನಬೇಡಿ, ‘ಮಾತ್ರೆ ಮುಗಿಯುತ್ತಿದೆ, ನಡುವಿನ ದಿನಗಳಿಗೆ ಚೀಟಿ ಬೇಕು’ ಅನ್ನಿ. ಬೇಗನೆ ಆಗುವುದು ಎರಡನೆಯದು. ಪಟ್ಟಿಯಲ್ಲಿ ನಿದ್ದೆಗೆ, ಆತಂಕಕ್ಕೆ ಕೊಡುವ ಕ್ಲೋನಾಜೆಪಾಂ ಅಥವಾ ಲೊರಾಜೆಪಾಂ ಇದ್ದು ದಿನಾ ತಿನ್ನುತ್ತಿದ್ದರೆ ಅದನ್ನು ಮೊದಲು ಹೇಳಿ, ಥಟ್ಟನೆ ನಿಂತರೆ ಫಿಟ್ಸ್ ಬರಬಹುದು. ತಪ್ಪಿದ ಡೋಸಿಗೆ ಬದಲಾಗಿ ಎರಡು ಸೇರಿಸಿ ನುಂಗಬೇಡಿ. ಹೊಸ ಸ್ಟ್ರಿಪ್ಪು ತಂದ ದಿನವೇ ಕೊನೆಯ ಹತ್ತು ಮಾತ್ರೆಯ ಹಿಂಬದಿಗೆ ಪೆನ್ನಿನಿಂದ ಗೆರೆ ಎಳೆದಿಡಿ. ಗೆರೆ ಮುಟ್ಟಿದ ದಿನ ಚೀಟಿಗೆ ಫೋನ್ ಮಾಡಿ.