ಅಪ್‌ಡೇಟ್: ಟಿಯಾಂಜಿನ್‌ನಲ್ಲಿ ಹಡಗು ನಿಂತ ದಿನ ರಾಜಸಮಾಧಿ ನೋಡಿ ಬಂದೆವು

ಹೋದ ವಾರ ಕೇಳಿದ್ದೆನಲ್ಲ, ಟಿಯಾಂಜಿನ್ ಬಂದರಿನಲ್ಲಿ ಕ್ರೂಸ್ ಒಂದೇ ಹಗಲು ನಿಲ್ಲುತ್ತದೆ, ಚೀನಾದ ರಾಜರ ಸಮಾಧಿ ನೋಡಲು ಆಗುತ್ತಾ ಅಂತ. ಆಯಿತು!

ಬುಲೆಟ್ ಟ್ರೈನಿನಲ್ಲಿ ಬೀಜಿಂಗ್‌ಗೆ ಹೋಗಿ ಮಿಂಗ್ ರಾಜವಂಶದ ಸಮಾಧಿ ನೋಡಿ ಅಂದಿದ್ದರು ಒಬ್ಬರು. ಲೆಕ್ಕ ಹಾಕಿದೆವು, ಆಗಲಿಲ್ಲ. ಬಂದರಿನಿಂದ ಸ್ಟೇಷನ್‌ಗೇ ದೂರ, ಸಮಾಧಿಗಳು ಬೀಜಿಂಗ್ ದಾಟಿ ಇನ್ನೂ ಸುಮಾರು 50 ಕಿಲೋಮೀಟರ್. ಹಡಗಿನವರ ಟೂರಂತೂ ವಿಪರೀತ ದುಬಾರಿ.

ಕೆಲಸಕ್ಕೆ ಬಂದದ್ದು ಇನ್ನೊಬ್ಬರ ಸಲಹೆ: ನಾಲ್ಕು ಜನ ಸೇರಿ ಕಾರು ಮಾಡಿಕೊಂಡು ಜುನ್‌ಹುವಾ ಊರಿನ ಹತ್ತಿರದ ಪೂರ್ವ ಚಿಂಗ್ ಸಮಾಧಿಗಳಿಗೆ (ಈಸ್ಟರ್ನ್ ಚಿಂಗ್ ಟೂಂಬ್ಸ್, ಚೀನಾದ ಕೊನೆಯ ರಾಜವಂಶದವರ ಸಮಾಧಿಗಳು) ಹೋಗಿ ಅಂತ. ಅವರಿಗೆ ದೊಡ್ಡ ಥ್ಯಾಂಕ್ಸ್. ಐದು ಚಕ್ರವರ್ತಿಗಳು ಅಲ್ಲಿದ್ದಾರೆ. ಜಾಗ ಎಷ್ಟು ದೊಡ್ಡದೆಂದರೆ ನಾವು ನೋಡಿದ್ದು ಎರಡೇ ಸಮಾಧಿ.

ಚಿಯಾನ್‌ಲಾಂಗ್ ದೊರೆಯ ಸಮಾಧಿಯಲ್ಲಿ ನೆಲದಡಿಗೆ ಇಳಿಯಬಹುದು. ಕಲ್ಲಿನ ಬಾಗಿಲು ದಾಟಿದರೆ ಗೋಡೆ ತುಂಬ ಬುದ್ಧ, ಬೋಧಿಸತ್ವರು, ಟಿಬೆಟನ್ ಅಕ್ಷರ, ಜೊತೆಗೆ ಸಂಸ್ಕೃತ ಮಂತ್ರಗಳು! ಚೀನಾದ ನೆಲದಡಿ ಸಂಸ್ಕೃತ ಸಿಗುತ್ತೆ ಅಂತ ಯಾರು ಅಂದುಕೊಂಡಿದ್ದರು? ನಮ್ಮ ಯಜಮಾನರು ಅಲ್ಲಿಂದ ಕದಲಲೇ ಇಲ್ಲ. ಒಡವೆ, ನಿಧಿ ಹುಡುಕಬೇಡಿ. 1928ರಲ್ಲಿ ಸುನ್ ಡಿಯಾನ್‌ಯಿಂಗ್ ಎಂಬ ಸೇನಾಧಿಪತಿಯ ಸೈನಿಕರು ದೋಚಿಬಿಟ್ಟರಂತೆ. ರಾಣಿ ತ್ಸಿಶಿಯ ಸಮಾಧಿಯ ಮುಂದಿನ ಕಲ್ಲಿನಲ್ಲಿ ರಾಣಿಯ ಗುರುತಾದ ಫೀನಿಕ್ಸ್ ಮೇಲೆ, ದೊರೆಯ ಗುರುತಾದ ಡ್ರ್ಯಾಗನ್ ಕೆಳಗೆ. ಯಾರ ಕೈ ಮೇಲಿತ್ತು ಅಂತ ಗೊತ್ತಾಗುತ್ತೆ ಅಲ್ವಾ!

ಪಾಸ್‌ಪೋರ್ಟ್ ಮರೆಯಬೇಡಿ. ಬಂದರಿನ ಹೆಸರು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಿ, ನಮ್ಮ ಡ್ರೈವರ್‌ಗೆ ಇಂಗ್ಲಿಷ್ ಒಂದಕ್ಷರವೂ ಬರುತ್ತಿರಲಿಲ್ಲ. ವಾಪಸ್ ಬರುವಾಗ ಟ್ರಾಫಿಕ್ ಸಿಕ್ಕಿ, ಹಡಗು ಹತ್ತಿದಾಗ ಉಳಿದಿದ್ದು ನಲವತ್ತೇ ನಿಮಿಷ.