ವರ್ಷಕ್ಕೆ 46 ಕಾರ್ಯಕ್ರಮ, ಆದರೂ ಮಳೆಗಾಲಕ್ಕೆ ಕೈಸಾಲ: ಕೊಡಗಿನಲ್ಲಿ ಫೋಟೊಗ್ರಫಿ ನಂಬಿ ಬದುಕುವುದು ಹೇಗೆ?

ಪ್ರಶ್ನೆ: ಮಡಿಕೇರಿಯ ಛಾಯಾಗ್ರಾಹಕ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಒಂದು ಚಿಕ್ಕ ಸ್ಟುಡಿಯೋ ಇಟ್ಟುಕೊಂಡು ಒಂಬತ್ತು ವರ್ಷಗಳಿಂದ ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಗಳ ಫೋಟೊ ತೆಗೆಯುತ್ತಿದ್ದೇನೆ. ಕೆಲಸ ಸಿಗುತ್ತಿಲ್ಲ ಎಂಬುದು ನನ್ನ ದೂರಲ್ಲ. ಕಳೆದ ವರ್ಷ 46 ಕಾರ್ಯಕ್ರಮಗಳನ್ನು ಮಾಡಿದ್ದೇನೆ, ಒಂದೊಂದಕ್ಕೆ ಸರಾಸರಿ 35,000 ರೂಪಾಯಿ ಬಂದಿದೆ. ಇದನ್ನು ಕೇಳಿದವರು ನನಗೇನು ಕಡಿಮೆ ಎಂದುಕೊಳ್ಳುತ್ತಾರೆ. ಆದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಗಳ ಶಾಲೆಯ ಶುಲ್ಕ ಕಟ್ಟಲು ಭಾವನ ಬಳಿ ಕೈಸಾಲ ಮಾಡಬೇಕಾಯಿತು.

ಖರ್ಚನ್ನೂ ಮುಚ್ಚಿಡದೆ ಹೇಳುತ್ತೇನೆ. ಪ್ರತಿ ಕಾರ್ಯಕ್ರಮಕ್ಕೆ ಜೊತೆಗೆ ಬರುವ ಇನ್ನೊಬ್ಬ ಫೋಟೊಗ್ರಾಫರ್ ಮತ್ತು ವಿಡಿಯೋದವರಿಗೆ 10,000, ಆಲ್ಬಂ ಮುದ್ರಣಕ್ಕೆ 7,000, ಓಡಾಟಕ್ಕೆ 2,000 ರೂಪಾಯಿ ಹೋಗುತ್ತದೆ. ಅಂಗಡಿ ಬಾಡಿಗೆ ತಿಂಗಳಿಗೆ 8,000, ಕ್ಯಾಮೆರಾ ಸಾಲದ ಕಂತು 14,000. ಕರೆಂಟು, ಇಂಟರ್ನೆಟ್, ಸಾಫ್ಟ್‌ವೇರ್, ರಿಪೇರಿ ಎಲ್ಲ ಸೇರಿ ವರ್ಷಕ್ಕೆ ಸುಮಾರು 52,000.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಬೇರೊಂದು ಸಂಗತಿ. ಮೊದಲೆಲ್ಲ ಕೊಡವ ಸಮಾಜದ ಅಂಗಳದಲ್ಲಿ ವಾಲಗ ಶುರುವಾದರೆ ಕ್ಯಾಮೆರಾ ಹಿಡಿದ ನನ್ನ ಕಾಲೂ ತಾಳ ಹಾಕುತ್ತಿತ್ತು. ಈಗ ಅದೇ ವಾಲಗ ಕಿವಿಗೆ ಬಿದ್ದರೆ ಇನ್ನೆಷ್ಟು ಹೊತ್ತು ನಿಲ್ಲಬೇಕೋ ಎಂದು ಗಡಿಯಾರ ನೋಡುತ್ತೇನೆ. ರಾತ್ರಿ ಒಂದು ಗಂಟೆಯವರೆಗೆ ಎಡಿಟಿಂಗ್ ಮಾಡಿ ಮಲಗಿದರೆ, ಆಲ್ಬಂ ಯಾವಾಗ ಕೊಡುತ್ತೀರಿ ಎಂದು ಕೇಳುವ ಫೋನ್ ಕರೆಯಿಂದಲೇ ಬೆಳಗಾಗುತ್ತದೆ. ಹನ್ನೊಂದು ಮದುವೆಗಳ ಆಲ್ಬಂ ಇನ್ನೂ ಬಾಕಿ ಇವೆ. ನಾನು ದರ ಏರಿಸಬೇಕೇ, ಹೋಂಸ್ಟೇಗಳ ಕೆಲಸಕ್ಕೆ ಇಳಿಯಬೇಕೇ, ಇಲ್ಲವೇ ಬೆಂಗಳೂರಿಗೆ ಹೋಗಿ ಸಂಬಳದ ಕೆಲಸ ಹುಡುಕಬೇಕೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ವಿರಾಜಪೇಟೆಯ ಹಳೆಯ ಸ್ಟುಡಿಯೋದವರು

ನಿಮ್ಮ ಪತ್ರವನ್ನು ಎರಡು ಸಲ ಓದಿ, ನೀವು ಕೊಟ್ಟ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕೂಡಿ ಕಳೆದೆ. ಒಟ್ಟು ಬಂದದ್ದು 16,10,000 ರೂಪಾಯಿ. ಕಾರ್ಯಕ್ರಮಗಳ ಖರ್ಚು 8,74,000, ಬಾಡಿಗೆ, ಕಂತು ಮತ್ತು ಉಳಿದವು 3,16,000. ನಿಮ್ಮ ಕೈಯಲ್ಲಿ ಉಳಿಯುವುದು 4,20,000, ಎಂದರೆ ತಿಂಗಳಿಗೆ 35,000. ಇಷ್ಟು ನಿಮಗೂ ಗೊತ್ತಿರಬಹುದು. ನೀವು ಎಣಿಸದೆ ಬಿಟ್ಟದ್ದು ಗಂಟೆಗಳನ್ನು.

ನನ್ನ ಅಂಗಡಿಯ ಡೈರಿಯ ಪ್ರಕಾರ ನಮ್ಮ ಕಡೆಯ ಒಂದು ಮದುವೆಗೆ ಹಿಂದಿನ ಸಂಜೆಯಿಂದ ಮರುದಿನ ರಾತ್ರಿಯವರೆಗೆ 24 ಗಂಟೆ, ಫೋಟೊ ಆರಿಸಿ, ಬಣ್ಣ ಸರಿಪಡಿಸಿ, ಆಲ್ಬಂ ಜೋಡಿಸಲು 30 ಗಂಟೆ, ಮಾತುಕತೆ ಮತ್ತು ಓಡಾಟಕ್ಕೆ ಆರು ಗಂಟೆ ಬೇಕು. ಒಟ್ಟು 60 ಗಂಟೆ. ನಿಮ್ಮ ಎಲ್ಲ ಕಾರ್ಯಕ್ರಮಗಳನ್ನೂ ಈ ಲೆಕ್ಕಕ್ಕೆ ಹಿಡಿದರೆ 46 ಕಾರ್ಯಕ್ರಮಕ್ಕೆ 2,760 ಗಂಟೆ, ದಿನಕ್ಕೆ ಎಂಟು ಗಂಟೆಯಂತೆ 345 ದಿನ. ಗಂಟೆಗೆ ನಿಮಗೆ ಸಿಕ್ಕಿದ್ದು 152 ರೂಪಾಯಿ. ಕಾರ್ಯಕ್ರಮಕ್ಕೆ ಎರಡು ದಿನದಂತೆ ವರ್ಷಕ್ಕೆ 92 ದಿನ ದುಡಿಯುತ್ತಿದ್ದೇನೆ ಎಂದು ನೀವು ಅಂದುಕೊಂಡಿರುತ್ತೀರಿ, ನಿಮ್ಮ ಮೈ ಮಾತ್ರ 345 ದಿನದ ಲೆಕ್ಕ ಇಟ್ಟಿದೆ.

ನಾನು ಈ ಕೆಲಸಕ್ಕೆ ಬಂದಾಗ ರೋಲ್ ಕ್ಯಾಮೆರಾದ ಕಾಲ. ಒಂದು ರೋಲಿಗೆ 36 ಫೋಟೊ. ಒಂದು ಮದುವೆಗೆ ಹತ್ತು ಹನ್ನೆರಡು ರೋಲ್ ಖರ್ಚಾದರೆ ಧಾರಾಳ ಎನಿಸುತ್ತಿತ್ತು. ಲ್ಯಾಬಿಗೆ ಕೊಟ್ಟ ಮೇಲೆ ನಮ್ಮ ಕೆಲಸ ಮುಗಿಯಿತು. ಇಂದು ಬಾಳೆ ಕಡಿಯುವ ಶಾಸ್ತ್ರವೊಂದಕ್ಕೇ ಮುನ್ನೂರು ಸಲ ಕ್ಲಿಕ್ಕಿಸಿ, ಆ ಮುನ್ನೂರನ್ನೂ ಮತ್ತೆ ರಾತ್ರಿ ಕುಳಿತು ನೋಡುತ್ತೇವೆ. ಹೀಗೆ ಡಿಜಿಟಲ್ ಬಂದಾಗ ಲ್ಯಾಬಿನವರ ಕೆಲಸವೂ ನಮ್ಮ ಮೇಜಿಗೆ ಬಂತು, ಆದರೆ ಆ ಕೆಲಸಕ್ಕೆಂದು ಪ್ರತ್ಯೇಕವಾಗಿ ಯಾರೂ ದರ ಕೇಳಲಿಲ್ಲ.

ಆದ್ದರಿಂದ ಮೊದಲು ಎಡಿಟಿಂಗನ್ನು ಹೊರಗೆ ಕೊಡಿ. ಕಾರ್ಯಕ್ರಮವೊಂದಕ್ಕೆ 6,000 ಕೊಟ್ಟರೆ ಮಾಡಿಕೊಡುವವರಿದ್ದಾರೆ. ಕೊನೆಯಲ್ಲಿ ನೀವು ಎಂಟು ಗಂಟೆ ಪರಿಶೀಲಿಸಿದರೆ ಸಾಕು. ದರವನ್ನು 48,000ಕ್ಕೆ ಏರಿಸಿ 30 ಕಾರ್ಯಕ್ರಮ ಮಾತ್ರ ಒಪ್ಪಿಕೊಂಡರೆ, ಎಲ್ಲ ಖರ್ಚು ಕಳೆದು 3,74,000 ಉಳಿಯುತ್ತದೆ. ಈಗಿನದಕ್ಕಿಂತ 46,000 ಕಡಿಮೆ ಎಂಬುದು ನಿಜ, ಆದರೆ ದುಡಿಯುವ ಹೊತ್ತು 1,140 ಗಂಟೆಗೆ ಇಳಿಯುತ್ತದೆ. ಮಿಗುವ 1,620 ಗಂಟೆಗಳಲ್ಲಿ ಆ 46,000 ಗಳಿಸುವುದು ಕಷ್ಟವೇನಲ್ಲ. ಇನ್ನೊಂದು ಮಾತು: ಆದಾಯ ಹೆಚ್ಚಿಸಲೆಂದು ಕಾರ್ಯಕ್ರಮಗಳನ್ನೇ ಹೆಚ್ಚಿಸುತ್ತಾ ಹೋದರೆ ವರ್ಷದ ವಹಿವಾಟು 20 ಲಕ್ಷ ದಾಟಿದ ಕೂಡಲೇ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುತ್ತದೆ, ಫೋಟೊಗ್ರಫಿಗೆ ತೆರಿಗೆ ಶೇ 18. ಮದುವೆ ಮನೆಯವರು ಆ ತೆರಿಗೆಯನ್ನು ಮೇಲೆ ಕೊಡುವುದಿಲ್ಲ, ನಿಮ್ಮ ದರದೊಳಗೇ ಸೇರಿಸಿಕೊಳ್ಳಿ ಎನ್ನುತ್ತಾರೆ.

ಸಮಯದ ಮಿತಿಯನ್ನು ಬರಹದಲ್ಲಿ ಹಾಕಿ. ವಧು ಬಾವಿಯಿಂದ ನೀರು ಹೊತ್ತು ತರುವ ಗಂಗಾಪೂಜೆಯಲ್ಲಿ ಅವಳ ದಾರಿಗೆ ಅಡ್ಡ ನಿಂತು ಕುಣಿಯುವುದು ನಮ್ಮ ಸಂಪ್ರದಾಯ. ನೆಂಟರ ಉತ್ಸಾಹ ಹೆಚ್ಚಿದ್ದರೆ ಅದು ಗಂಟೆಗಟ್ಟಲೆ ನಡೆಯುತ್ತದೆ, ನಡೆಯಲೂ ಬೇಕು. ಆದರೆ ರಾತ್ರಿ ಹತ್ತರ ನಂತರದ ಪ್ರತಿ ಗಂಟೆಗೆ ಇಷ್ಟು ಎಂದು ಅಡ್ವಾನ್ಸ್ ಪಡೆಯುವ ದಿನವೇ ಬರೆದು ಸಹಿ ಹಾಕಿಸಿಕೊಂಡರೆ, ವಾಲಗದ ಸದ್ದು ನಿಮಗೆ ಮತ್ತೆ ಹಿತವಾಗಬಹುದು.

ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಹೇಗೂ ಶುಭಕಾರ್ಯಗಳಿರುವುದಿಲ್ಲ. ಕಾಫಿ ಬೆಳೆಗಾರ ಕೊಯ್ಲಿನ ಹಣವನ್ನು ಮುಂದಿನ ಕೊಯ್ಲಿನವರೆಗೆ ಹಂಚಿಕೊಳ್ಳುವಂತೆ, ನವೆಂಬರ್-ಡಿಸೆಂಬರ್ ಮತ್ತು ಏಪ್ರಿಲ್-ಮೇ ತಿಂಗಳ ಸಂಪಾದನೆಯನ್ನು ಬೇರೆ ಖಾತೆಗೆ ಹಾಕಿ, ಅಲ್ಲಿಂದ ತಿಂಗಳಿಗಿಷ್ಟು ಎಂದು ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನನ್ನ ಕೆಲಸಗಳೆಲ್ಲ ಒಂದೇ ವಾರದಲ್ಲಿ ರದ್ದಾದವು. ಆ ಗಾಯ ಮಾಯುವ ಮೊದಲೇ 2020ರಲ್ಲಿ ಕೋವಿಡ್ ಬಂತು. ಅಂದಿನಿಂದ ಆರು ತಿಂಗಳ ಮನೆಖರ್ಚನ್ನು ಮುಟ್ಟದೆ ಇಟ್ಟಿದ್ದೇನೆ. ಮಳೆ, ಭೂಕುಸಿತಗಳಿಂದ ಮದುವೆ ಮುಂದೆ ಹೋದರೆ ಅಡ್ವಾನ್ಸ್ ಮರಳಿಸುವುದಿಲ್ಲ, ಹೊಸ ದಿನಾಂಕಕ್ಕೆ ವರ್ಗಾಯಿಸುತ್ತೇವೆ ಎಂಬ ಸಾಲು ನನ್ನ ರಸೀತಿಯ ಮೇಲೆಯೇ ಅಚ್ಚಾಗಿದೆ.

ಉತ್ತರ 2: ಕುಶಾಲನಗರದ ಛಾಯಾಗ್ರಾಹಕಿ

ಹಿರಿಯರು ಲೆಕ್ಕವನ್ನು ಬಿಡಿಸಿ ತೋರಿಸಿದ್ದಾರೆ. ನಾನು ಮದುವೆ ಕೆಲಸ ಬಿಟ್ಟು ಐದು ವರ್ಷಗಳಾದವು; ಈಗ ಹೋಂಸ್ಟೇ, ರೆಸಾರ್ಟ್ ಮತ್ತು ಕಾಫಿ ಪುಡಿ, ಜೇನು, ಮಸಾಲೆ ಮಾರುವವರ ಫೋಟೊ ಮಾತ್ರ ತೆಗೆಯುತ್ತೇನೆ. ಇದರಲ್ಲಿ ದಣಿವು ಕಡಿಮೆ, ಆದರೆ ವಂಚನೆಗೆ ಅವಕಾಶ ಹೆಚ್ಚು.

ಮೊದಲ ವರ್ಷ ಒಂದು ಹೋಂಸ್ಟೇಗೆಂದು ಎರಡು ದಿನ ಕುಳಿತು ತೆಗೆದ ಫೋಟೊಗಳು, ಮರುವರ್ಷ ಬೇರೊಂದು ಪ್ರವಾಸಿ ಸಂಸ್ಥೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡವು. ಜಗಳಕ್ಕೆ ಹೊರಟಾಗ ವಕೀಲರೊಬ್ಬರು ತಿಳಿಸಿದ ವಿಷಯ ಪ್ರತಿಯೊಬ್ಬ ಫೋಟೊಗ್ರಾಫರಿಗೂ ಗೊತ್ತಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ನಾನು ಒಂದು ಸಾಲನ್ನೂ ಬರೆಸಿಕೊಂಡಿರಲಿಲ್ಲ, ಹಾಗಾಗಿ ಜಗಳಕ್ಕೆ ಆಧಾರವೇ ಉಳಿಯಲಿಲ್ಲ. ಈಗ ಒಂದು ಪುಟದ ಒಪ್ಪಂದ ಮಾಡುತ್ತೇನೆ: ಹಕ್ಕು ನನ್ನದು, ನಿಮ್ಮ ಜಾಲತಾಣ ಮತ್ತು ಸಾಮಾಜಿಕ ಮಾಧ್ಯಮದಲ್ಲಿ ಎರಡು ವರ್ಷ ಬಳಸಬಹುದು, ಮೂರನೆಯವರಿಗೆ ಕೊಡುವಂತಿಲ್ಲ, ಮುಂದುವರಿಸಬೇಕಾದರೆ ನವೀಕರಣ ಶುಲ್ಕ ಇಷ್ಟು. ಎಲ್ಲರೂ ಒಪ್ಪುತ್ತಾರೆ ಎನ್ನಲಾರೆ, ಆದರೆ ಒಪ್ಪಿದವರಿಂದ ಕ್ಯಾಮೆರಾ ಎತ್ತದೆಯೇ ಎರಡನೇ ಸಲ ಹಣ ಬಂದಿದೆ. ಯಾರೂ ಹೇಳದೆ ನೀವಾಗಿಯೇ ತೆಗೆದ ಫೋಟೊಗಳ ಹಕ್ಕು ಮೊದಲಿನಿಂದಲೂ ನಿಮ್ಮದೇ. ಫೆಬ್ರುವರಿ-ಮಾರ್ಚ್‌ನಲ್ಲಿ ಹೂಮಳೆ ಬಿದ್ದು, ಕಾಫಿ ಹೂ ಅರಳಿ ತೋಟವೆಲ್ಲ ಬಿಳಿಯಾಗುವುದು ಕೆಲವೇ ದಿನ. ಆ ದಿನಗಳಲ್ಲಿ ಬೇರಾವ ಕೆಲಸವನ್ನೂ ಒಪ್ಪಿಕೊಳ್ಳದೆ ತೋಟಗಳಲ್ಲಿರುತ್ತೇನೆ, ವರ್ಷವಿಡೀ ಆ ಚಿತ್ರಗಳನ್ನೇ ಕೇಳುತ್ತಾರೆ.

ಮಳೆಗಾಲವನ್ನು ಖಾಲಿ ಎಂದು ತಿಳಿಯಬೇಡಿ. ಮಳೆ ನೋಡಲೆಂದೇ ಬರುವ ಪ್ರವಾಸಿಗರಿದ್ದಾರೆ, ಆದರೆ ಬಹಳಷ್ಟು ಹೋಂಸ್ಟೇಗಳ ಬಳಿ ಇರುವುದು ಬಿಸಿಲಿನ ಫೋಟೊಗಳು ಮಾತ್ರ. ಜೂನ್ ಮೊದಲ ವಾರದಲ್ಲಿ ಮಂಜು, ಒದ್ದೆ ಹಂಚು, ಅಕ್ಕಿ ತರಿಯ ಉಂಡೆಯಾದ ಬಿಸಿ ಕಡಂಬಿಟ್ಟಿನ ತಟ್ಟೆ ಇವುಗಳನ್ನು ತೆಗೆದುಕೊಡುತ್ತೇನೆಂದು ಏಪ್ರಿಲ್‌ನಲ್ಲಿಯೇ ಕೇಳಿ ನೋಡಿ. ಒಂದು ಎಚ್ಚರಿಕೆ: ಮಳೆಯಲ್ಲಿ ದುಡಿದ ಲೆನ್ಸನ್ನು ಬ್ಯಾಗಿನೊಳಗೇ ಮುಚ್ಚಿಟ್ಟರೆ ನಮ್ಮ ಊರಿನ ತೇವಕ್ಕೆ ಫಂಗಸ್ ಹಿಡಿಯುತ್ತದೆ, ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ. ತೇವಾಂಶವನ್ನು ಶೇ 40ರಿಂದ 50ರೊಳಗೆ ಇಡುವ ಡ್ರೈ ಕ್ಯಾಬಿನೆಟ್ ಕೊಳ್ಳಿ. ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ.

ನಿಮ್ಮ ದಣಿವಿನ ಬಗ್ಗೆಯೂ ಒಂದು ಮಾತು. ಮುಗಿಯದ ಬಳಲಿಕೆ, ಕೆಲಸದ ಮೇಲೆ ಜಿಗುಪ್ಸೆ, ನನ್ನಿಂದ ಇದು ಆಗುತ್ತಿಲ್ಲ ಎಂಬ ಭಾವ, ಈ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟ್‌ನ ಲಕ್ಷಣಗಳೆಂದು ಗುರುತಿಸಿದೆ. ಅದು ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ಹೇಳಿದೆಯೇ ಹೊರತು ರೋಗವೆಂದಲ್ಲ. ಆದರೂ ನಿದ್ದೆ ಪೂರ್ತಿ ಹೋಗಿದ್ದರೆ, ಮನೆಯವರ ಜೊತೆಗೂ ಮಾತು ಬೇಡವಾಗಿದ್ದರೆ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿ ಮಾತನಾಡುತ್ತಾರೆ. ನಾನೂ ಒಮ್ಮೆ ಮಾಡಿದ್ದೇನೆ.

ಉತ್ತರ 3: ಸೋಮವಾರಪೇಟೆಯಿಂದ

ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಒಂದು ತಕರಾರು ಎತ್ತುತ್ತೇನೆ. 35,000ದಿಂದ 48,000ಕ್ಕೆ ಏರಿಸುವುದು ಹಾಳೆಯ ಮೇಲೆ ಸುಲಭ. ನಮ್ಮ ಕಡೆ ಕೆಲಸ ಬರುವುದೇ ನೆಂಟರ ಬಾಯಿಂದ. ಹೋದ ವರ್ಷ ಅಕ್ಕನ ಮದುವೆಗೆ ಎಷ್ಟು ಕೊಟ್ಟರೆಂದು ತಂಗಿಯ ಮನೆಯವರಿಗೆ ಗೊತ್ತಿರುತ್ತದೆ. ಅವರು ಹೊಸ ದರ ಒಪ್ಪದೆ, ನೀವು ಹಳೆಯ ದರದಲ್ಲೇ ಕಾರ್ಯಕ್ರಮ 30ಕ್ಕೆ ಇಳಿಸಿ ಎಡಿಟಿಂಗನ್ನೂ ಹೊರಗೆ ಕೊಟ್ಟರೆ, ವರ್ಷದ ಕೊನೆಗೆ 16,000 ರೂಪಾಯಿ ಕೈಯಿಂದಲೇ ಹಾಕಬೇಕಾಗುತ್ತದೆ. ಲೆಕ್ಕ ಮಾಡಿ ನೋಡಿ.

ನಾನು ಮಾಡಿದ್ದು ಬೇರೆ. ದರ ಏರಿಸಲಿಲ್ಲ, ಕೊಡುವುದನ್ನು ಕಡಿಮೆ ಮಾಡಿದೆ. ಆಲ್ಬಂ ಇಲ್ಲದೆ 32,000, ಬೇಕಾದವರಿಗೆ ಆಲ್ಬಂ ಪ್ರತ್ಯೇಕ. 1,200ರ ಬದಲು ಆರಿಸಿದ 400 ಫೋಟೊಗಳನ್ನು ಮಾತ್ರ ಕೊಡುತ್ತೇನೆ, ಅದಕ್ಕೆ 12 ಗಂಟೆ ಸಾಕು. ನಿಮ್ಮ ಖರ್ಚಿನ ಮೇಲೆಯೇ 40 ಕಾರ್ಯಕ್ರಮ ಹಿಡಿದರೆ 4,84,000 ಉಳಿಯುತ್ತದೆ, 1,680 ಗಂಟೆ ಕೆಲಸವಾಗುತ್ತದೆ. ನಾನು ನಲವತ್ತೂ ಮಾಡುವುದಿಲ್ಲ, ಏಕೆಂದರೆ ಹಗಲು ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೊ, ಜೆರಾಕ್ಸ್, ಲ್ಯಾಮಿನೇಷನ್ ಇದೆ. ಅದನ್ನು ಕಲೆಯಲ್ಲ ಎಂದು ನಗುವವರಿದ್ದಾರೆ. ಅಂಗಡಿ ಬಾಡಿಗೆ ಅದರಿಂದಲೇ ಹೋಗುತ್ತದೆ. ಬೆಂಗಳೂರಿನ ಮಾತನ್ನು ಬಿಡಿ. ಅಲ್ಲಿ ಮನೆ ಬಾಡಿಗೆಗೇ ಸಂಬಳದ ದೊಡ್ಡ ಪಾಲು ಹೋಗುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. 345 ದಿನ ಎಂಬ ಅಂಕಿಯನ್ನು ಹೆಂಡತಿಗೆ ತೋರಿಸಿದೆ. ಉಳಿದ 20 ದಿನ ಎಲ್ಲಿದ್ದೆ ಎಂದು ಕೇಳಿದಳು.

ಬಾಕಿ ಇದ್ದ ಹನ್ನೊಂದರಲ್ಲಿ ಏಳು ಮದುವೆಗಳ ಫೋಟೊಗಳನ್ನು ನಿನ್ನೆ ಎಡಿಟರ್ ಒಬ್ಬರಿಗೆ ಕೊಟ್ಟೆ. ಅಡ್ವಾನ್ಸ್ ಪಡೆದಿರುವ ಕೆಲಸಗಳನ್ನು ಹಳೆಯ ದರದಲ್ಲಿಯೇ ಮುಗಿಸಿ, ಜನವರಿಯಿಂದ ಸೋಮವಾರಪೇಟೆಯವರ ಕ್ರಮವನ್ನು ಅನುಸರಿಸುತ್ತೇನೆ. 48,000 ಕೇಳುವ ಧೈರ್ಯ ಸದ್ಯಕ್ಕಿಲ್ಲ, ಆದರೆ ರಾತ್ರಿ ಹತ್ತರ ನಂತರದ ಗಂಟೆಯ ದರವನ್ನು ಈಗಲೇ ರಸೀತಿಯಲ್ಲಿ ಸೇರಿಸುತ್ತೇನೆ. ಪರಿಚಯದ ಎರಡು ಹೋಂಸ್ಟೇಗಳಿಗೆ ಮಳೆಗಾಲದ ಫೋಟೊಗಳ ಬಗ್ಗೆ ಬರೆದಿದ್ದೇನೆ, ಒಬ್ಬರು ಬಂದು ಮಾತನಾಡಲು ಹೇಳಿದ್ದಾರೆ.

ಕುಶಾಲನಗರದವರು ಹೇಳಿದ ಮೇಲೆ ಬ್ಯಾಗಿನಲ್ಲಿದ್ದ 50 ಎಂಎಂ ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಜೇಡನ ಬಲೆಯಂತಹ ಎಳೆಗಳು ಕಾಣುತ್ತಿವೆ. ಜಿಲ್ಲೆಯೊಳಗೆ ಅಥವಾ ಮೈಸೂರಿನಲ್ಲಿ ಲೆನ್ಸ್ ಬಿಚ್ಚಿ ಶುಚಿ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.